ಮೊದಲ ಚೌಕ ಖಾಲಿ

“ಗೆರೆ ತುಳೀಬೇಡಿ ಅಂತ ಎಷ್ಟು ಸಲ ಹೇಳೋದು? ಕಾಲು ತೆಗೀರಿ ಮೊದಲು!”

ಗೋಪಿಕಾ ತಮಿಳಿನಲ್ಲಿ ಗದರಿದ ರಭಸಕ್ಕೆ ಕಾನ್‌ಸ್ಟೇಬಲ್ ಹಿಂದಕ್ಕೆ ಹಾರಿದ. ಹಾರಿದವನು ಸೀದಾ ಇನ್ನೊಂದು ಗೆರೆಯ ಮೇಲೆ ಹೋಗಿ ನಿಂತ. ಅವಳು ಹಣೆ ಚಚ್ಚಿಕೊಂಡಳು.

ಕೊಯಮತ್ತೂರಿನ ಹತ್ತಿರದ ಅನ್ನೂರಿನ ಆಚೆ ಜೋಳದ ಹೊಲಗಳ ನಡುವೆ ಇದ್ದ ಆ ಖಾಸಗಿ ಶಾಲೆಯ ಮೈದಾನ ಬೆಳಗಿನ ಬಿಸಿಲಿಗೇ ಕಾದಿತ್ತು. ಕೆಂಪು ಮಣ್ಣಿನ ಮೇಲೆ ಸುಣ್ಣದ ಪುಡಿಯ ಗೆರೆಗಳು, ಅಡ್ಡಕ್ಕೂ ಉದ್ದಕ್ಕೂ. ದೊಡ್ಡದೊಂದು ಗ್ರಾಫ್ ಹಾಳೆಯನ್ನು ನೆಲಕ್ಕೆ ಹಾಸಿದ ಹಾಗಿತ್ತು. ಮೂರು ದಿನದ ಹಿಂದೆ ಈ ಗೆರೆಗಳ ಮೇಲೆ ಗಣಿತದ ಪಾಠ ನಡೆಯುತ್ತಿದ್ದಾಗಲೇ ಆರನೇ ಕ್ಲಾಸಿನ ತೆನ್ಮೊಳಿ ಮೈದಾನದ ಅಂಚಿನ ಹಳೆಯ ನೀರಿನ ತೊಟ್ಟಿಯೊಳಗೆ ಬಿದ್ದಿದ್ದಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ತಪ್ಪನ್ನು ಗಣಿತದ ಟೀಚರ್ ಪದ್ಮಪ್ರಿಯಾಳ ತಲೆಗೆ ಕಟ್ಟಿದ್ದರು. ಪದ್ಮಪ್ರಿಯಾ ಗೋಪಿಕಾಳ ಅಕ್ಕನ ಮಗಳು. ನಾಳೆ ಕೋರ್ಟು ನಿರೀಕ್ಷಣಾ ಜಾಮೀನು ಕೊಡದಿದ್ದರೆ ಅವಳಿಗೆ ಜೈಲೇ ಗತಿ.

ಕೊಯಮತ್ತೂರಿನಲ್ಲಿ ಪತ್ತೇದಾರಿ ಕಚೇರಿ ನಡೆಸುವ ಗೋಪಿಕಾಳಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆದರೂ ಕೆಲಸದ ಹೊತ್ತಿನಲ್ಲಿ ಅದನ್ನು ಚೀಲದಲ್ಲಿ ಕಟ್ಟಿಡುವುದು ಅವಳಿಗೆ ಗೊತ್ತಿತ್ತು. ಸುಳ್ಳು ಇನ್ಶೂರೆನ್ಸ್ ಕ್ಲೇಮ್ ಹಾಕಿದವರನ್ನು, ಊರು ಬಿಟ್ಟ ಗಂಡಂದಿರನ್ನು ಅವಳು ತಣ್ಣಗೆ ಹಿಡಿದು ತಂದವಳು. ಇದು ಹಾಗಲ್ಲ. ಇದು ತಾನು ಎತ್ತಿ ಆಡಿಸಿದ ಹುಡುಗಿ. ಚೀಲದ ಬಾಯಿ ಬಿಚ್ಚಿಹೋಗಿತ್ತು.

ಅವಳು ಮಂಡಿಯೂರಿ ಗೆರೆಯೊಂದನ್ನು ಬೆರಳಿನಿಂದ ಮುಟ್ಟಿದಳು. ಒಳ್ಳೆಯ ಖಾರದ ಸುಣ್ಣ. ಚರ್ಮ ಚುರುಗುಟ್ಟಿತು.

“ಇನ್‌ಸ್ಪೆಕ್ಟರ್ ಮೇಡಂ, ಇಲ್ಲಿ ಬನ್ನಿ.”

ಇನ್‌ಸ್ಪೆಕ್ಟರ್ ವಿಜಯಕುಮಾರಿ ಕೊಡೆ ಹಿಡಿದು ನಿಧಾನವಾಗಿ ಬಂದರು. ಅವಸರ ಎನ್ನುವುದು ಅವರ ಜಾತಕದಲ್ಲೇ ಇದ್ದಂತಿರಲಿಲ್ಲ.

“ಆ ಧ್ವಜದ ಕಂಬ ಸೊನ್ನೆ,” ಎಂದಳು ಗೋಪಿಕಾ. “ಅಲ್ಲಿಂದ ಪೂರ್ವಕ್ಕೆ ಎಷ್ಟು ನಡೀಬೇಕು ಅನ್ನೋದು ಮೊದಲ ಅಂಕಿ. ಆಮೇಲೆ ಆ ಕಾಂಪೌಂಡ್ ಗೋಡೆ ಕಡೆಗೆ ಎಷ್ಟು ಅನ್ನೋದು ಎರಡನೇ ಅಂಕಿ. ಎಂಟು, ಐದು ಅಂದ್ರೆ ಎಂಟನೇ ಗೆರೆಯೂ ಐದನೇ ಗೆರೆಯೂ ಕೂಡೋ ಜಾಗ. ಮಗು ಅಲ್ಲಿ ಹೋಗಿ ನಿಲ್ಲಬೇಕು.”

“ನಾನೂ ಆರನೇ ಕ್ಲಾಸು ಪಾಸಾದವಳೇ ಮೇಡಂ.”

“ಹಾಗಾದ್ರೆ ಇಲ್ಲಿ ಅಂಕಿ ಎಲ್ಲಿ ಬರೆದಿದೆ ನೋಡಿ.”

ವಿಜಯಕುಮಾರಿ ಬಗ್ಗಿ ನೋಡಿದರು. ಕೆಳಗಿನ ಸಾಲಿನ ಉದ್ದಕ್ಕೂ ಸುಣ್ಣದಲ್ಲಿ ದಪ್ಪ ದಪ್ಪ ಅಂಕಿಗಳಿದ್ದವು. “ಒಂದು, ಎರಡು, ಮೂರು… ಚೌಕದ ಮಧ್ಯೆ ಬರೆದಿದೆ.”

“ಹೌದು, ಮಧ್ಯೆ! ಗೆರೆಗೆ ಹಾಕಬೇಕಾದ ಅಂಕಿ ಚೌಕದೊಳಗೆ ಕೂತಿದೆ. ನಮ್ಮ ಪದ್ಮಪ್ರಿಯಾ ಸತ್ತರೂ ಹಾಗೆ ಬರೆಯಲ್ಲ. ‘ಅಂಕಿ ಗೆರೆಗೆ, ಚೌಕಕ್ಕಲ್ಲ’ ಅಂತ ಅವಳ ಕ್ಲಾಸಿನ ಮಕ್ಕಳು ನಿದ್ದೆಯಲ್ಲೂ ಹೇಳ್ತಾರೆ. ಈಗ ಕಂಬದ ಪಕ್ಕದ ಮೊದಲ ಚೌಕ ನೋಡಿ. ಏನಿದೆ?”

“ಏನೂ ಇಲ್ಲ.”

“ಖಾಲಿ! ಒಂದು ಅನ್ನೋದು ಎರಡನೇ ಚೌಕದಲ್ಲಿ ಶುರು. ಎಲ್ಲಾ ಅಂಕಿಯೂ ಒಂದೊಂದು ಚೌಕ ಪೂರ್ವಕ್ಕೆ ಜಾರಿದೆ. ಹೀಗೆ ಜಾರಿಸಿದ್ರೆ ಎಂಟು ಅಂತ ಬರೆದ ಚೌಕ ಎಲ್ಲಿ ಮುಗಿಯುತ್ತೆ? ನೀವೇ ನಡೆದು ನೋಡಿ.”

ನಡೆದು ನೋಡುವ ಅಗತ್ಯವಿರಲಿಲ್ಲ. ಅಂಕಿಯ ಸಾಲಿನಲ್ಲಿ ಎಂಟರ ಚೌಕ ಮುಗಿಯುವ ಗೆರೆ ನಿಜಕ್ಕೂ ಒಂಬತ್ತನೆಯದು. ಅದನ್ನೇ ಹಿಡಿದು ಗೋಡೆಯ ಕಡೆಗೆ ಹೋದರೆ ಪೊಲೀಸರ ಹಳದಿ ಪಟ್ಟಿ. ಪಟ್ಟಿಯ ಒಳಗೆ ಡೊಂಕಾದ ತಗಡು. ತಗಡಿನ ಕೆಳಗೆ ಕತ್ತಲು.

ಅಂದು ಮಕ್ಕಳು ಬಿಡಿಸಬೇಕಾಗಿದ್ದದ್ದು ಗಾಳಿಪಟ. ನಾಲ್ಕು ಮೂಲೆಗೆ ನಾಲ್ಕು ಮಕ್ಕಳು ನಿಂತು ಒಂದೇ ಹಗ್ಗವನ್ನು ಸುತ್ತ ಹಿಡಿದರೆ ನೆಲದ ಮೇಲೆ ಗಾಳಿಪಟ ಎದ್ದು ಬರುತ್ತದೆ. ತೆನ್ಮೊಳಿಗೆ ಬಲ ಮೂಲೆ ಸಿಕ್ಕಿತ್ತು. ಎಂಟು, ಐದು.

“ಪದ್ಮಪ್ರಿಯಾ ಹಾಕಿದ ಗೆರೆ ಸರಿಯಾಗಿತ್ತು,” ಗೋಪಿಕಾಳ ಧ್ವನಿ ಏರುತ್ತಾ ಹೋಯಿತು. “ಮಗು ಸರಿಯಾದ ಎಂಟರಲ್ಲೇ ನಿಂತಿತ್ತು. ಹಗ್ಗ ಬಿಗಿ ಮಾಡೋಕೆ ಅಂತ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿತು. ಅಲ್ಲಿ ಮಣ್ಣಲ್ಲಿ ಮುಚ್ಚಿಹೋದ ತಗಡು, ಕೆಳಗೆ ಬಾಯಿ ತೆರೆದ ತೊಟ್ಟಿ. ತಪ್ಪು ಯಾರದು? ತೊಟ್ಟಿಗೆ ತಗಡು ಮುಚ್ಚಿದವನದು. ಅದು ತನ್ನ ಕುತ್ತಿಗೆಗೆ ಬರುತ್ತೆ ಅಂತ ಗೊತ್ತಾದ ಕೂಡಲೇ ಅವನು ಈ ಗೆರೆ ಅಳಿಸಿ, ಒಂದು ಚೌಕ ಜಾರಿಸಿ, ಮತ್ತೆ ಹಾಕಿಸಿದ್ದಾನೆ. ಟೀಚರೇ ಮಗೂನ ತೊಟ್ಟಿ ಮೇಲೆ ನಿಲ್ಲಿಸಿದಳು ಅಂತ ತೋರಿಸೋಕೆ!”

ವಿಜಯಕುಮಾರಿ ಕೊಡೆಯನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿದರು. “ಹಳೆ ಗೆರೆ ಎಲ್ಲಿ?”

“ಅಂದ್ರೆ?”

“ಸುಣ್ಣ ಅಳಿಸಿದ್ರೆ ಮಣ್ಣು ಬೆಳ್ಳಗಾಗಿರಬೇಕಲ್ಲ? ಗುಡಿಸಿದ್ರೆ ಪೊರಕೆ ಗುರುತಾದರೂ ಇರಬೇಕು. ಇಲ್ಲಿ ಒಂದೇ ಸಲ ಗೆರೆ ಬಿದ್ದ ಹಾಗಿದೆ.”

ಆ ಮಾತು ಗೋಪಿಕಾಳನ್ನು ಒಂದು ಕ್ಷಣ ತಡೆಯಿತು. ಬೇರೆ ಯಾರದಾದರೂ ಕೇಸಾಗಿದ್ದರೆ ಅವಳು ಅಲ್ಲಿಯೇ ನಿಲ್ಲುತ್ತಿದ್ದಳು. ಇವತ್ತು ನಿಲ್ಲಲಿಲ್ಲ.

“ನೀರು ಹಾಕಿ ತೊಳೆದಿರ್ತಾರೆ. ಹೊಸ ಮಣ್ಣು ಸುರಿದಿರ್ತಾರೆ. ಅದನ್ನ ಹುಡುಕೋದು ನಿಮ್ಮ ಕೆಲಸ, ನನ್ನದಲ್ಲ! ಮೂರು ದಿನದಿಂದ ಏನು ಮಾಡ್ತಿದ್ರಿ ನೀವು?”

“ಬರೆದು ಕೊಡಿ,” ಎಂದರು ವಿಜಯಕುಮಾರಿ, ಧ್ವನಿ ಒಂದಿಷ್ಟೂ ಬದಲಾಗದೆ.

ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಗೋಪಿಕಾ ಬರೆದಳು. ಅಂಕಿ ಚೌಕದೊಳಗಿರುವುದು, ಮೊದಲ ಚೌಕ ಖಾಲಿಯಿರುವುದು, ಇದು ಗಣಿತದ ಟೀಚರ್ ಹಾಕಿದ ಗೆರೆಯಲ್ಲ ಎನ್ನುವುದು. ಕೊನೆಯ ಸಾಲನ್ನು ಪೆನ್ನು ಒತ್ತಿ ಬರೆದಳು: ಈ ಗೆರೆಗಳನ್ನು ಯಾರು ಹಾಕಿದರೋ, ಹಾಕಿಸಿದರೋ, ಆ ಮಗುವಿನ ಪ್ರಾಣಕ್ಕೆ ಅವರೇ ಹೊಣೆ.

“ಇಷ್ಟು ಗಟ್ಟಿಯಾಗಿ ಬರೀಬೇಕಾ?”

“ಜಾಗ ಇದ್ದಿದ್ರೆ ಇನ್ನೂ ಗಟ್ಟಿಯಾಗಿ ಬರೀತಿದ್ದೆ.”

“ನಾಳೆ ಕೋರ್ಟಿಗೆ ಇದೂ ಹೋಗುತ್ತೆ. ಆಮೇಲೆ ವಾಪಸ್ ಕೇಳಬೇಡಿ.” ವಿಜಯಕುಮಾರಿ ಕಾಗದವನ್ನು ಮಡಚಿ ಫೈಲಿನಲ್ಲಿಟ್ಟರು.

ಗೋಪಿಕಾಳ ಕಣ್ಣ ಮುಂದೆ ಬೆಳಿಗ್ಗೆ ತನ್ನ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದ ಪದ್ಮಪ್ರಿಯಾಳ ಮುಖ ಬಂತು. ಅತ್ತು ಅತ್ತು ಊದಿದ ಕಣ್ಣು. “ನಾನೇ ನನ್ನ ಕೈಯಾರೆ ಗೆರೆ ಹಾಕಿದ್ದು ಚಿಕ್ಕಿ. ಎಲ್ಲಾ ಸರಿಯಾಗಿತ್ತು. ಪಾಪ, ಆ ಹುಡುಗಿ ಹಗ್ಗ ಎಳೀತಾ ಹಿಂದೆ ಹೋದಳು. ನನ್ನ ಕಣ್ಣೆದುರಿಗೇ…” ಎಂದು ಎರಡೂ ಕೈ ಮುಖಕ್ಕೆ ಮುಚ್ಚಿಕೊಂಡಿದ್ದಳು. ಹೋದ ವಾರ ಗೆಳತಿಯ ಮದುವೆಗೆ ಹಾಕಿಸಿಕೊಂಡ ಮದರಂಗಿ ಬೆರಳ ತುದಿಯವರೆಗೂ ಕೆಂಪಗೆ ಹಾಗೇ ಇತ್ತು. ಅಂಥ ಕೈಗೆ ಬೇಡಿ ಹಾಕುತ್ತಾರಂತೆ. ಹಾಕಲಿ ನೋಡೋಣ.

ಶಾಲೆಯ ಜಗುಲಿಯ ಮೇಲೆ ಊರಿನವರು ಏಳೆಂಟು ಜನ ಸೇರಿದ್ದರು. ಅವಳು ಹತ್ತಿರ ಬರುತ್ತಿದ್ದಂತೆ ಒಬ್ಬಳು ಹೆಂಗಸು ತಮಿಳಿನಲ್ಲಿ ಕೂಗಿದಳು: “ಆ ಟೀಚರ್ ಕಡೆಯವಳು ಬಂದಳು ನೋಡಿ! ಮಗೂನ ಗುಂಡಿಗೆ ತಳ್ಳಿ ಈಗ ಟೇಪು ಹಿಡ್ಕೊಂಡು ಅಳೀತಾಳೆ!”

ಉಳಿದವರೂ ದನಿಗೂಡಿಸಿದರು. ಕೂಗದೆ ನಿಂತಿದ್ದವನು ಒಬ್ಬನೇ, ಕಂಬಕ್ಕೆ ಒರಗಿದ್ದ ಮುದುಕ. ಕೈಯಲ್ಲಿ ಮಗುವಿನ ಸ್ಕೂಲ್ ಬ್ಯಾಗು, ಒಂದು ಜೊತೆ ಪುಟ್ಟ ಚಪ್ಪಲಿ. ತೆನ್ಮೊಳಿಯ ತಾತ ರಂಗಸಾಮಿ. ಕನ್ನಡದವರೇ, ಮಗ್ಗದ ಕಡೆಯ ಕೆಲಸದವರು ಎಂದು ಯಾರೋ ಹೇಳಿದ್ದರು.

ಗೋಪಿಕಾಳ ಧ್ವನಿ ತಾನಾಗಿ ಇಳಿಯಿತು. “ಮೊಮ್ಮಗಳು ಹೇಗಿದ್ದಾಳೆ ತಾತ?”

“ಹಂಗೇ ಇದಾಳೆ ಅಮ್ಮಣಿ. ಕೂಗಿದ್ರೆ ಕೇಳ್ಸತ್ತೆ ಅಂತಾರೆ ಡಾಕ್ಟ್ರು. ಕೂಗ್ತಾನೇ ಇದೀವಿ.” ಅವರು ಚಪ್ಪಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದರು. ಬೆರಳ ತುದಿಗಳಲ್ಲಿ ಚರ್ಮ ಬೆಳ್ಳಗೆ ಸುಲಿದಿತ್ತು.

“ಯಾರು ಮಾಡಿದ್ದು ಅಂತ ಇವತ್ತೇ ಹಿಡೀತೀನಿ ತಾತ. ಬಿಡಲ್ಲ.”

ಮುದುಕ ತಲೆ ಬಗ್ಗಿಸಿದರು. ಗೋಪಿಕಾ ಇನ್ನೇನೋ ಕೇಳುವವಳಿದ್ದಳು. ಅಷ್ಟರಲ್ಲಿ ಗೇಟಿನೊಳಗೆ ಬಿಳಿ ಕಾರು ನುಗ್ಗಿತು. ಶಾಲೆಯ ಒಡೆಯ, ಊರೆಲ್ಲ ಕರೆಸ್ಪಾಂಡೆಂಟ್ ಎಂದು ಕರೆಯುವ ತಿರುಮೂರ್ತಿ ಇಳಿದ. ಅವಳಿಗೆ ಬೇರೆಲ್ಲವೂ ಮರೆತುಹೋಯಿತು.

ತಿರುಮೂರ್ತಿಯ ಅಪ್ಪ ಇದೇ ಸೀಮೆಯ ಕನ್ನಡದ ಗೌಂಡರು, ಜೋಳ ಬೆಳೆದವರು. ಮಗ ಮೊದಲು ಹಾರ್ಡ್‌ವೇರ್ ಅಂಗಡಿ ಹಾಕಿದ, ಆಮೇಲೆ ಶಾಲೆ ಹಾಕಿದ. ಎರಡರಲ್ಲೂ ವ್ಯಾಪಾರ ಚೆನ್ನಾಗಿತ್ತು.

“ಬನ್ನಿ ಅಮ್ಮಣಿ, ಕೂರಿ. ಟೀ ಹೇಳ್ಲಾ?” ಎಂದ, ತನ್ನ ಆಫೀಸಿನ ಕೋಣೆಗೆ ಕರೆದೊಯ್ದು.

“ಟೀ ಬೇಡ. ಅಮ್ಮಣಿ ಅನ್ನೋದೂ ಬೇಡ.” ಗೋಪಿಕಾ ಫೋನನ್ನು ಮೇಜಿನ ನಡುವೆ ಇಟ್ಟು ರೆಕಾರ್ಡ್ ಗುಂಡಿ ಒತ್ತಿದಳು. ಅವನು ನೋಡುವ ಹಾಗೆಯೇ ಒತ್ತಿದಳು. “ಆ ತೊಟ್ಟಿಗೆ ತಗಡು ಮುಚ್ಚಿಸಿದ್ದು ಯಾರು?”

“ಅದೆಲ್ಲ ಮೊದಲಿಂದ ಹಂಗೇ ಇರೋದು.”

“ಮೈದಾನದಲ್ಲಿ ಗೆರೆ ಹಾಕಿಸಿದ್ದು ಯಾರು?”

“ನಿಮ್ ಹುಡುಗಿ! ಎಲ್ಲಾ ಪಳ್ಳಿಕೂಡದಲ್ಲೂ ಟೀಚರ್ ಗ್ರಾಫನ್ನ ಬೋರ್ಡ್ ಮೇಲೆ ಹಾಕ್ತಾರೆ. ಇವಳಿಗೆ ಮೈದಾನ ಬೇಕು, ಸುಣ್ಣ ಬೇಕು, ಹಗ್ಗ ಬೇಕು. ನಡೆದು ಕಲೀಬೇಕಂತೆ ಮಕ್ಕಳು. ನೋಡಿದ್ರಲ್ಲ ಎಲ್ಲಿಗೆ ನಡೆಸಿದಳು ಅಂತ!”

 ಗೋಪಿಕಾ ಎದ್ದು ಗೋಡೆಯ ಬಿಳಿ ಬೋರ್ಡಿನ ಮೇಲಿದ್ದ ಫೀಸಿನ ವಿವರವನ್ನು ತನ್ನ ದುಪಟ್ಟಾದಿಂದಲೇ ಒರೆಸಿದಳು.

“ಏಯ್, ಏನ್ ಮಾಡ್ತಿದೀರಿ?”

“ಪೆನ್ನು ತಗೊಳ್ಳಿ. ಹತ್ತು ಗೆರೆ ಎಳೆದು ಅಂಕಿ ಹಾಕಿ.”

“ನಾನೇನು ಪಳ್ಳಿಕೂಡದ ಹುಡುಗನಾ?”

“ಹಾಕಿ. ಇಲ್ಲಾಂದ್ರೆ ಹಾಕೋಕೆ ಹೆದರಿದ್ರು ಅಂತ ಹೊರಗೆ ನಿಂತಿರೋ ಇನ್‌ಸ್ಪೆಕ್ಟರ್‌ಗೆ ಹೇಳ್ತೀನಿ.”

ತಿರುಮೂರ್ತಿ ಹಲ್ಲು ಕಚ್ಚಿ ಪೆನ್ನು ಕಿತ್ತುಕೊಂಡ. ಸರಸರ ಗೆರೆ ಎಳೆದ. ಮೊದಲ ಗೆರೆಯ ಕೆಳಗೆ ಸೊನ್ನೆ ಬರೆದ. ಎರಡನೆಯದರ ಕೆಳಗೆ ಒಂದು, ಮೂರನೆಯದರ ಕೆಳಗೆ ಎರಡು. ಒಂದು ಅಂಕಿಯೂ ಗೆರೆ ಬಿಟ್ಟು ಅಲ್ಲಾಡಲಿಲ್ಲ. ಹುಟ್ಟಿದಾಗಿನಿಂದ ಅಳತೆ ಟೇಪು ಹಿಡಿದ ಕೈ. ಸೊನ್ನೆ ತುದಿಯಲ್ಲಿರಬೇಕೆಂದು ಅದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ.

ಮೈದಾನದ ಗೆರೆ ಈ ಕೈಯದಲ್ಲ. ಗೋಪಿಕಾಳಿಗೆ ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದ ಹಾಗಾಯಿತು.

“ಸಮಾಧಾನ ಆಯ್ತಾ?” ಎಂದ ಅವನು.

“ಯಾರ ಕೈಲಿ ಹಾಕಿಸಿದ್ರಿ ಹೇಳಿ!”

“ಗೆರೆ, ಗೆರೆ, ಗೆರೆ!” ತಿರುಮೂರ್ತಿ ಪೆನ್ನನ್ನು ಗೋಡೆಗೆ ಎಸೆದ. “ಆ ಗೆರೆ ವಿಚಾರ ನನಗೇನೂ ಗೊತ್ತಿಲ್ಲ. ಸತ್ಯಮಾ ಗೊತ್ತಿಲ್ಲ! ತಗಡು ಹಾಕಿಸಿದ್ದು ನಾನು, ಸರಿನಾ? ಕಲ್ಲಿನ ಚಪ್ಪಡಿ ಒಡೆದಿತ್ತು. ಲೀವಲ್ಲಿ ಸರಿ ಮಾಡಿಸೋಣ ಅಂತಿದ್ದೆ. ಯಾರು ಅಲ್ಲಿಗೆ ಹೋಗ್ತಾರೆ ಅಂತ ತಗಡು ಮುಚ್ಚಿ ಮಣ್ಣು ಎಳೆಸಿದೆ. ಅಷ್ಟೇ!”

 ಮೇಜಿನ ಮೇಲೆ ಫೋನಿನ ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು. ಅವನು ಅದನ್ನು ನೋಡಿದ. ನೋಡಿ ಕುರ್ಚಿಯಲ್ಲಿ ಕುಸಿದ.

“ಅಷ್ಟೇ,” ಎಂದಳು ಗೋಪಿಕಾ.  “ಮುನ್ನೂರು ಮಕ್ಕಳು ಓಡಾಡೋ ಜಾಗ. ಬಾಯಿ ತೆರೆದ ತೊಟ್ಟಿಗೆ ತಗಡು ಮುಚ್ಚಿ, ಯಾರಿಗೂ ಕಾಣದ ಹಾಗೆ ಮೇಲೆ ಮಣ್ಣು. ಅಷ್ಟೇ ಅಂತೆ! ಒಂದು ಮಾತು ಟೀಚರ್‌ಗಳಿಗೆ ಹೇಳಿದ್ರಾ? ಒಂದು ಹಗ್ಗ ಕಟ್ಟಿಸಿದ್ರಾ? ನಿಮ್ಮ ಮಕ್ಕಳು ಇಲ್ಲಿ ಓದ್ತಾರಾ? ಇಲ್ಲ ಅಲ್ವಾ? ಅವರು ಓದೋದು ಕೊಯಮತ್ತೂರಲ್ಲಿ!”

ತಿರುಮೂರ್ತಿಯ ಕುತ್ತಿಗೆಯ ನರ ಉಬ್ಬಿತು. “ನನ್ನೊಬ್ಬನ್ನೇ ಹಿಡ್ಕೊಂಡು ಕೂಗಾಡಬೇಡಿ. ಆ ಹೊತ್ತಲ್ಲಿ ನಿಮ್ ಹುಡುಗಿ ಎಲ್ಲಿದ್ದಳು ಅಂತ ಅವಳನ್ನೇ…”

ಮಾತು ಅರ್ಧಕ್ಕೆ ನಿಂತಿತು.

“ಎಲ್ಲಿದ್ದಳು? ಮುಗಿಸಿ.”

“ಒಂದೂ ಇಲ್ಲ, ಏನೂ ಇಲ್ಲ.” ಅವನು ಮುಖ ತಿರುಗಿಸಿದ. “ಒಂದೂ ಇಲ್ಲ, ಹೋಗಿ.”

ಹೆದರಿಸಲು ನೋಡುತ್ತಾನೆ, ಕೈಯಲ್ಲಿ ಏನೂ ಇಲ್ಲ ಎಂದುಕೊಂಡಳು ಗೋಪಿಕಾ. ಫೋನು ಎತ್ತಿಕೊಂಡು ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆಗೆದು ಹೊರಟಳು. ಇವನು ಹೇಳಿದ್ದು ಸಾಕು. ಗೆರೆ ಹಾಕಿದ ಕೂಲಿಯವನು ಎಲ್ಲಿಗೆ ಹೋಗುತ್ತಾನೆ? ಸಿಕ್ಕೇ ಸಿಗುತ್ತಾನೆ.

ತೆನ್ಮೊಳಿಯನ್ನು ಸೇರಿಸಿದ್ದ, ಕೊಯಮತ್ತೂರಿನ ಅವಿನಾಶಿ ರಸ್ತೆಯ ಆಸ್ಪತ್ರೆ ತಲುಪುವಾಗ ಸಂಜೆಯಾಗಿತ್ತು. ಸ್ಟೀರಿಂಗ್ ಹಿಡಿದ ಬೆರಳು ಉರಿಯುತ್ತಿತ್ತು. ಬೆಳಿಗ್ಗೆ ಒಂದೇ ಒಂದು ಗೆರೆ ಮುಟ್ಟಿದ್ದಕ್ಕೆ ತುದಿಯ ಚರ್ಮ ಆಗಲೇ ಏಳುತ್ತಿತ್ತು. ಅವಳಿಗೆ ಈಗ ಬೇಕಾಗಿದ್ದದ್ದು ಒಂದೇ. ತೆನ್ಮೊಳಿಯ ತಾಯಿ ಜಯಪ್ರಿಯಾಳ ಎದುರು ನಿಂತು, ಅಮ್ಮಾ, ತಪ್ಪು ಟೀಚರದ್ದಲ್ಲ, ನಾಳೆ ಕೋರ್ಟಿನಲ್ಲಿ ಅಷ್ಟು ಹೇಳು ಎಂದು ಕೇಳುವುದು.

ಜಯಪ್ರಿಯಾ ಔಷಧಿ ತರಲು ಕೆಳಗೆ ಹೋಗಿದ್ದಳು. ಐಸಿಯು ಬಾಗಿಲ ಎದುರು ಉಕ್ಕಿನ ಕುರ್ಚಿಯಲ್ಲಿ ರಂಗಸಾಮಿ ಒಬ್ಬರೇ ಕೂತಿದ್ದರು. ತೊಡೆಯ ಮೇಲೆ ಹಳೆಯ ಕ್ಯಾಲೆಂಡರಿನ ರಟ್ಟು, ಅದರ ಮೇಲೊಂದು ಹಾಳೆ. ಮೊಮ್ಮಗಳ ಬ್ಯಾಗಿನಿಂದ ತೆಗೆದ ಸ್ಕೆಚ್ ಪೆನ್ನುಗಳು ಪಕ್ಕದಲ್ಲಿ ಸಾಲಾಗಿದ್ದವು.

“ತಾತ, ಒಳ್ಳೆ ಸುದ್ದಿ. ತಗಡು ಹಾಕಿಸಿದ್ದು ತಾನೇ ಅಂತ ತಿರುಮೂರ್ತಿ ಒಪ್ಕೊಂಡ. ಇನ್ನು ಆ ಗೆರೆ ಜಾರಿಸಿದವನು ಸಿಕ್ಕಿದ್ರೆ…”

ರಂಗಸಾಮಿ ತಲೆಯೆತ್ತಲಿಲ್ಲ. ನೀಲಿ ಪೆನ್ನಿನಿಂದ ಒಂದೊಂದೇ ಪುಟ್ಟ ಚೌಕ ತುಂಬುತ್ತಿದ್ದರು. ಹಾಳೆಯ ಮೇಲೆ ನವಿಲಿನ ಕುತ್ತಿಗೆ ಮೂಡಿತ್ತು.

“ಪಾಪಾಗೆ,” ಎಂದರು. “ಕಣ್ಣು ಬಿಟ್ಟಾಗ ನೋಡ್ಲಿ ಅಂತ. ಸಿರುಮುಗೈ ಮಗ್ಗದವರಿಗೆ ಸೀರೆ ಡಿಸೈನ್ ಗ್ರಾಫು ಹಾಕ್ಕೊಡೋದೇ ನನ್ ಕೆಲಸ. ಅವಳು ಪಕ್ಕದಲ್ಲೇ ಕೂತು ಬಣ್ಣ ತುಂಬ್ತಿದ್ಲು.”

ಗೋಪಿಕಾ ಪಕ್ಕದಲ್ಲಿ ಕೂತಳು. ಕೂತವಳ ಕಣ್ಣು ಹಾಳೆಯ ಕೆಳಗಿನ ಸಾಲಿಗೆ ಹೋಯಿತು. ಅಲ್ಲಿ ಅಂಕಿಗಳಿದ್ದವು. ಒಂದೊಂದೂ ಚೌಕದ ನಟ್ಟನಡುವೆ ಕೂತಿತ್ತು.

ಮೊದಲ ಚೌಕ ಖಾಲಿಯಿತ್ತು.

ಅವಳು ಅದರ ಮೇಲೆ ಬೆರಳಿಟ್ಟಳು. “ತಾತ, ಈ ಮೊದಲನೇದು ಯಾಕೆ ಬಿಟ್ಟಿದೀರಿ?”

“ಅದು ಅಂಚಿಗೆ ಅಮ್ಮಣಿ. ಸೀರೆ ಅಂದ್ಮೇಲೆ ಅಂಚು ಬಿಟ್ಟೇ ಎಣಿಕೆ ಶುರು ಮಾಡೋದು. ಅಂಚನ್ನ ಲೆಕ್ಕಕ್ಕೆ ಹಿಡಿಯಲ್ಲ. ನಮ್ಮಪ್ಪನೂ ಹಂಗೇ ಹೇಳ್ಕೊಟ್ಟಿದ್ದು.”

“ಅಂಕಿ ಯಾಕೆ ಚೌಕದೊಳಗೆ?”

“ಇನ್ನೆಲ್ಲಿ ಹಾಕೋದು? ಒಂದು ಚೌಕ ಅಂದ್ರೆ ಒಂದು ನೂಲು. ಗೆರೆ ಸುಮ್ನೆ ಬೇಲಿ.”

ಹೇಳಿ ಮುಗಿಸಿದ ಮೇಲೆ ಮುದುಕನ ಕೈ ನಿಂತಿತು. ಅವಳು ಏನು ಕೇಳಿದಳು, ತಾನು ಏನು ಹೇಳಿದೆ ಎನ್ನುವುದು ಆಗ ಅವರಿಗೆ ಹೊಳೆದಂತಿತ್ತು. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ನಾನೇ ಹಾಕಿದ್ದು ಅಮ್ಮಣಿ.”

ಗೋಪಿಕಾ ಅವರ ಕಡೆಗೆ ಪೂರ್ತಿ ತಿರುಗಿದಳು. “ನಿಮ್ಮ ಮೊಮ್ಮಗಳು ಒಳಗೆ ಮಲಗಿದ್ದಾಳೆ! ಅವಳು ಬಿದ್ದ ಮೇಲೆ ಹೋಗಿ ಗೆರೆ ಬದಲಿಸಿದ್ರಾ? ಆ ತಿರುಮೂರ್ತಿ ಏನು ಹೇಳಿ ಹಾಕಿಸಿದ? ಏನು ಹೆದರಿಸಿದ?”

“ಬಿದ್ದ ಮೇಲೆ ಅಲ್ಲ.” ರಂಗಸಾಮಿಯ ದನಿ ಕೆಳಗಿತ್ತು. “ಮೊದಲೇ. ಅವತ್ತು ಬೆಳಗ್ಗೆ.”

“ಯಾರು ಹೇಳಿದ್ದು?”

“ಟೀಚರಮ್ಮಾನೇ.”

ಎಲ್ಲಿಯೋ ಒಳಗೆ ಯಂತ್ರವೊಂದು ಒಂದೇ ಸಮನೆ ಕುಯ್‌ಗುಟ್ಟುತ್ತಿತ್ತು. 

“ಪಾಪಾನ ಬಿಡೋಕೆ ಹೋಗಿದ್ದೆ. ಟೀಚರಮ್ಮ ಕಂಬದ ಹತ್ರ ಸುಣ್ಣದ ಬಕೆಟ್ಟು ಇಟ್ಕೊಂಡು ನಿಂತಿದ್ರು. ಆಫೀಸಿಂದ ಆಳು ಬಂದ. ಏನೋ ಕಂಪ್ಯೂಟರ್ ಕೆಲಸ, ಕರೆಸ್ಪಾಂಡೆಂಟ್ ಕರೀತಾರೆ, ಈಗಲೇ ಅಂತ. ‘ತಾತಾ, ನೀವು ಗ್ರಾಫು ಹಾಕೋರಲ್ವಾ, ಸ್ವಲ್ಪ ಗೆರೆ ಹಾಕಿ ಅಂಕಿ ಬರೆದಿಡಿ, ನಾನು ಬಂದು ನೋಡ್ತೀನಿ’ ಅಂದ್ರು. ನನಗೆ ಹೆಮ್ಮೆ ಆಯ್ತು ಅಮ್ಮಣಿ. ಪಾಪಾ ಪಳ್ಳಿಕೂಡದಲ್ಲಿ ನನ್ ಕೈ ಗೆರೆ!” ಅವರು ಸುಲಿದ ಬೆರಳುಗಳನ್ನು ನೋಡಿಕೊಂಡರು. “ಹಾಕಿ ಬಂದೆ. ಅವರು ನೋಡೋಕೆ ಬರಲೇ ಇಲ್ಲವಂತೆ. ಪಾಠದ ಹೊತ್ತಲ್ಲೂ ಆಫೀಸಲ್ಲೇ ಇದ್ರಂತೆ. ಹುಡುಗೀರೇ ಶುರು ಮಾಡ್ಕೊಳ್ಳಿ ಅಂತ ಹೇಳಿ ಕಳಿಸಿದ್ರಂತೆ.”

ನನ್ನ ಕಣ್ಣೆದುರಿಗೇ ಎಂದಿದ್ದಳು ಪದ್ಮಪ್ರಿಯಾ. ನನ್ನ ಕೈಯಾರೆ ಎಂದಿದ್ದಳು.

ಆ ಕೈ. ಬೆರಳ ತುದಿಯವರೆಗೂ ಕೆಂಪಗಿದ್ದ ಮದರಂಗಿ. ಒಂದು ಗೆರೆ ಮುಟ್ಟಿದ ತನ್ನ ಬೆರಳೇ ಹೀಗಾಗಿದೆ. ಇಡೀ ಮೈದಾನಕ್ಕೆ ಸುಣ್ಣ ಎಳೆದ ಕೈ ಹಾಗಿರುತ್ತದೆಯೇ? ಬೆಳಿಗ್ಗೆ ಕಣ್ಣ ಮುಂದೆಯೇ ಇತ್ತು. ಅಳಿಸಿದ ಗುರುತಿಲ್ಲ ಎಂದು ವಿಜಯಕುಮಾರಿ ಬಾಯಿಬಿಟ್ಟು ಹೇಳಿದ್ದರು. ತಿರುಮೂರ್ತಿ ಅರ್ಧಕ್ಕೆ ನುಂಗಿದ ಮಾತಿನ ಉಳಿದ ಅರ್ಧವೂ ಈಗ ಸಿಕ್ಕಿತು. ಅದನ್ನು ಹೇಳಿದರೆ, ಪಾಠದ ಹೊತ್ತಿನಲ್ಲಿ ಟೀಚರನ್ನು ಕಂಪ್ಯೂಟರ್ ಮುಂದೆ ಕೂರಿಸಿದವನು ತಾನು ಎಂದೂ ಹೇಳಬೇಕಾಗುತ್ತಿತ್ತು. ಅವಳು ತನ್ನ ಸಿಟ್ಟನ್ನು ಸತ್ಯವೆಂದುಕೊಂಡು ಇಡೀ ದಿನ ಹೊತ್ತು ತಿರುಗಿದ್ದಳು.

ಮಗು ತಪ್ಪಿರಲಿಲ್ಲ. ಅದೇ ಎಲ್ಲಕ್ಕಿಂತ ಚುಚ್ಚಿತು. ಅಂಕಿ ಚೌಕದೊಳಗಿದೆ, ನಿಲ್ಲಬೇಕಾದದ್ದು ಗೆರೆಯ ಮೇಲೆ. ಎಂಟರ ಚೌಕ ಮುಗಿಯುವ ಗೆರೆಯೇ ಎಂಟು ಎಂದು ತೆನ್ಮೊಳಿ ಯೋಚಿಸಿರಬೇಕು. ಒಳ್ಳೆಯ ಯೋಚನೆ. ತಾತ ಸೀರೆಗೆ ಬಿಡುವ ಹಾಗೆ ಅಂಚು ಬಿಟ್ಟಿರದಿದ್ದರೆ ಸರಿಯಾದ ಉತ್ತರವೂ ಆಗಿರುತ್ತಿತ್ತು.

“ಆವತ್ತು ಟೀಚರಮ್ಮ ಇಲ್ಲಿಗೆ ಬಂದು ನನ್ ಕೈ ಹಿಡ್ಕೊಂಡು ಅತ್ರು,” ಎಂದರು ರಂಗಸಾಮಿ. “‘ಯಾರಿಗೂ ಹೇಳಬೇಡಿ ತಾತಾ, ನಾನೇ ಹಾಕಿದ್ದು ಅಂತೀನಿ’ ಅಂದ್ರು. ನಾನೂ ಸುಮ್ಮನಾದೆ. ನಾನು ಹಾಕಿದ ಗೆರೆ ಮೇಲೆ ನನ್ ಪಾಪಾನೇ ನಡೆದು ಬಿದ್ಲು ಅಂತ ಜಯಪ್ರಿಯಾಗೆ ಯಾವ ಬಾಯಲ್ಲಿ ಹೇಳ್ಲಿ ಅಮ್ಮಣಿ? ನೀವು ಬರೆದು ಕೊಟ್ರಂತಲ್ಲ, ಗೆರೆ ಹಾಕಿದವರು, ಹಾಕಿಸಿದವರು ಹೊಣೆ ಅಂತ. ಜಗುಲೀಲಿ ಎಲ್ಲಾ ಮಾತಾಡ್ಕೊಂಡ್ರು. ಸರೀಂಗಮ್ಮಾ. ನೀವು ಬರೆದಿದ್ದು ಸರೀನೇ.”

ಹಾಕಿದವರು, ಹಾಕಿಸಿದವರು. ಪೆನ್ನು ಒತ್ತಿ ಬರೆದ ಸಾಲು. ವಿಜಯಕುಮಾರಿಯ ಫೈಲಿನಲ್ಲಿ ತನ್ನ ಸಹಿ.

ಫೋನು ಹೊಡೆದುಕೊಂಡಿತು. ಪದ್ಮಪ್ರಿಯಾ.

ಗೋಪಿಕಾ ಸ್ಪೀಕರ್ ಗುಂಡಿ ಒತ್ತಿದಳು.

“ಚಿಕ್ಕಿ! ಸಿಕ್ಕಿದನಾ? ಗೆರೆ ಬದಲಿಸಿದವನು ಸಿಕ್ಕಿದನಾ?”

“ಪದ್ಮೂ, ಒಂದೇ ಒಂದು ಮಾತು ಕೇಳ್ತೀನಿ. ಯೋಚನೆ ಮಾಡಿ ಹೇಳು. ಆವತ್ತು ಗೆರೆ ಹಾಕಿದ್ದು ನೀನೇ ತಾನೇ?”

 ರಂಗಸಾಮಿ ಬೇಡ, ಬೇಡ ಎನ್ನುವ ಹಾಗೆ ಎರಡೂ ಕೈ ಅಲ್ಲಾಡಿಸಿದರು. ಅದು ಹುಡುಗಿಗೆ ಹೇಳಿದ್ದೋ ತನಗೆ ಹೇಳಿದ್ದೋ ಗೋಪಿಕಾಳಿಗೆ ತಿಳಿಯಲಿಲ್ಲ.

“ಹೌದು ಚಿಕ್ಕಿ,” ಎಂದಳು ಪದ್ಮಪ್ರಿಯಾ. “ನಾನೇ. ರಾಯರಾಣೆ.”

ಕುರ್ಚಿಯ ಹಿಂದೆ ಔಷಧಿಯ ಪ್ಲಾಸ್ಟಿಕ್ ಚೀಲ ನೆಲಕ್ಕೆ ಬಿತ್ತು. ಗೋಪಿಕಾ ತಿರುಗಿದಳು. ಜಯಪ್ರಿಯಾ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. ಅವಳು ಗೋಪಿಕಾಳನ್ನು ನೋಡಲಿಲ್ಲ, ಮಾತಾಡುತ್ತಲೇ ಇದ್ದ ಫೋನನ್ನೂ ನೋಡಲಿಲ್ಲ. ಅಪ್ಪನ ತೊಡೆಯ ಮೇಲಿನ ನವಿಲನ್ನು ನೋಡಿದಳು, ಆಮೇಲೆ ಅವರ ಸುಲಿದ ಬೆರಳುಗಳನ್ನು.

“ಅಪ್ಪಾ,” ಎಂದಳು. “ಕೈ ತೋರಿಸು.”